ಮರಣಪತ್ರದಲ್ಲಿ ಕಾಣದ ಬಿಸಿಲು

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ 'ಬಿಸಿಲು ಬಡಿದು ಹೋದರು' ಎಂಬ ಮಾತು ಹೊಸದಲ್ಲ. ಮೇ ತಿಂಗಳಲ್ಲಿ ಸಂತೆಗೆ ಹೋಗಿ ಬಂದ ಹಿರಿಯರೊಬ್ಬರು ಮಧ್ಯಾಹ್ನ ಮಲಗಿದವರು ಸಂಜೆಗೆ ಏಳದಿದ್ದರೆ ಊರವರು ಬಿಸಿಲನ್ನೇ ದೂರುತ್ತಾರೆ. ಅದೇ ಸಾವು ಸರ್ಕಾರಿ ಕಾಗದಕ್ಕೆ ಏರುವಾಗ ಬಿಸಿಲು ಮಾಯವಾಗುತ್ತದೆ. 'ಹೃದಯಾಘಾತ' ಎಂದೋ 'ವಯೋಸಹಜ' ಎಂದೋ ಬರೆದು ಮುಗಿಸಲಾಗುತ್ತದೆ. ಸತ್ತವರಿಗೆ ಹತ್ತು ವರ್ಷಗಳಿಂದ ಹೃದಯದ ಕಾಯಿಲೆ ಇದ್ದರಂತೂ ಬೇರೆ ಕಾರಣ ಹುಡುಕುವ ಗೋಜಿಗೆ ಯಾರೂ ಹೋಗುವುದಿಲ್ಲ.

ಊರವರ ಮಾತು ಸರಿಯೋ, ಕಾಗದದ ಮಾತು ಸರಿಯೋ? ಬಹಳ ಸಲ ಎರಡೂ ಸರಿ ಎನ್ನುತ್ತದೆ ವೈದ್ಯಶಾಸ್ತ್ರ. ನಿಂತದ್ದು ಹೃದಯ; ಅದನ್ನು ಆ ದಿನವೇ ನಿಲ್ಲುವಂತೆ ಮಾಡಿದ್ದು ಹವೆ. ದೀರ್ಘಕಾಲದ ಹೃದ್ರೋಗಿಗೆ ಸೆಕೆ, ಚಳಿ, ಹೊಗೆ ಇವು ಬರೀ ಹೊರಗಿನ ಸಂಗತಿಗಳಲ್ಲ. ಪ್ರತಿಯೊಂದೂ ಆತನ ಹೃದಯದ ಮೇಲೆ ಹೆಚ್ಚುವರಿ ಹೊರೆ. ಇಷ್ಟು ಸರಳವಾದ ವಿಷಯವನ್ನು ಒಪ್ಪಿಕೊಳ್ಳಲು ದೊಡ್ಡ ದೊಡ್ಡ ನಗರಗಳಿಗೇ ಬಹಳ ಕಾಲ ಹಿಡಿಯಿತು. ಅದಕ್ಕೆ ಅವು ತೆತ್ತ ಬೆಲೆಯೂ ಸಣ್ಣದಲ್ಲ.

ದೇಹದ ಒಳಗಿನ ಲೆಕ್ಕ

ಮನುಷ್ಯನ ದೇಹ ತನ್ನ ಒಳಗಿನ ಉಷ್ಣತೆಯನ್ನು 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕಾಪಾಡಿಕೊಳ್ಳಬೇಕು. ಸೆಕೆ ಹೆಚ್ಚಿದಾಗ ಒಳಗಿನ ಶಾಖವನ್ನು ಹೊರಹಾಕಲು ಅದಕ್ಕಿರುವ ಮುಖ್ಯ ದಾರಿಗಳು ಎರಡು. ಚರ್ಮದ ಕೆಳಗಿನ ರಕ್ತನಾಳಗಳನ್ನು ಹಿಗ್ಗಿಸಿ ಬಿಸಿರಕ್ತವನ್ನು ಮೈಯ ಮೇಲ್ಭಾಗಕ್ಕೆ ತರುವುದು ಒಂದು. ಬೆವರು ಸುರಿಸಿ, ಅದು ಆರುವಾಗ ತಂಪು ಪಡೆಯುವುದು ಇನ್ನೊಂದು. ಎರಡರ ದುಡಿಮೆಯೂ ಕೊನೆಗೆ ಬೀಳುವುದು ಹೃದಯದ ಹೆಗಲಿಗೆ.

ವಿಶ್ರಾಂತಿಯಲ್ಲಿರುವ ಆರೋಗ್ಯವಂತರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ಹರಿಸುತ್ತದೆ. ಮೈ ವಿಪರೀತ ಕಾದಾಗ ಚರ್ಮವೊಂದಕ್ಕೇ ನಿಮಿಷಕ್ಕೆ 6ರಿಂದ 8 ಲೀಟರ್‌ವರೆಗೂ ರಕ್ತ ಬೇಕಾಗಬಹುದು. ಅಂದರೆ ಕುರ್ಚಿಯಲ್ಲಿ ಸುಮ್ಮನೆ ಕುಳಿತವರ ಹೃದಯವೂ ಇಮ್ಮಡಿ ದುಡಿಯಬೇಕು. ಗಟ್ಟಿ ಹೃದಯಕ್ಕೆ ಇದು ಸಾಧ್ಯ. ಹಿಂದೊಮ್ಮೆ ಆಘಾತವಾಗಿ ಸ್ನಾಯುವಿನ ಒಂದು ಭಾಗ ಸತ್ತಿರುವ ಹೃದಯಕ್ಕೆ, ಕವಾಟ ಕೆಟ್ಟಿರುವ ಹೃದಯಕ್ಕೆ, ಸೋತು ಹಿಗ್ಗಿರುವ ಹೃದಯಕ್ಕೆ ಅಷ್ಟು ಮೀಸಲು ಬಲ ಉಳಿದಿರುವುದಿಲ್ಲ. ಎಂದಿನ ದಿನವನ್ನು ಹೇಗೋ ತೂಗಿಸಿಕೊಂಡು ಹೋಗುತ್ತಿದ್ದವರು ಸೆಕೆಯ ದಿನ ಕುಸಿಯುವುದು ಇದರಿಂದಲೇ.

ಬೆವರಿನದು ಇನ್ನೊಂದು ಕಥೆ. ಬೆವರಿನ ಜತೆ ನೀರು, ಉಪ್ಪು ಎರಡೂ ಹೋಗುತ್ತವೆ. ಉಳಿದ ರಕ್ತ ಮಂದವಾಗುತ್ತದೆ. ಲಂಡನ್ನಿನ ಶರೀರಶಾಸ್ತ್ರಜ್ಞ ವಿಲಿಯಂ ಕೀಟಿಂಜ್ ಮತ್ತು ಸಂಗಡಿಗರು ಸ್ವಯಂಸೇವಕರನ್ನು ಕೆಲವು ಗಂಟೆ ಬಿಸಿಗಾಳಿಯಲ್ಲಿ ಕೂರಿಸಿ ನೋಡಿದರು. ಅವರ ರಕ್ತದಲ್ಲಿ ಕೆಂಪುಕಣಗಳ ಮತ್ತು ಹೆಪ್ಪುಗಟ್ಟಿಸುವ ಕಿರುಫಲಕಗಳ ಸಾಂದ್ರತೆ ಏರಿತ್ತು, ರಕ್ತ ಮಂದವಾಗಿತ್ತು. 1986ರಲ್ಲಿ ಪ್ರಕಟವಾದ ಈ ಫಲಿತಾಂಶ ಬೇಸಿಗೆಯಲ್ಲಿ ಹೃದಯಾಘಾತ, ಪಾರ್ಶ್ವವಾಯು ಏಕೆ ಹೆಚ್ಚುತ್ತವೆ ಎಂಬುದಕ್ಕೆ ಒಂದು ಉತ್ತರವಾಯಿತು. ಮೊದಲೇ ಕಿರಿದಾಗಿರುವ ರಕ್ತನಾಳದಲ್ಲಿ ಮಂದವಾದ ರಕ್ತ ಹೆಪ್ಪುಗಟ್ಟಲು ಹೆಚ್ಚು ಹೊತ್ತು ಬೇಕಿಲ್ಲ.

ಹೃದ್ರೋಗಿ ನುಂಗುವ ಮಾತ್ರೆಗಳೂ ಈ ಲೆಕ್ಕದೊಳಗೆ ಬರುತ್ತವೆ. ಮೂತ್ರ ಹೆಚ್ಚಿಸುವ ಮಾತ್ರೆ ದೇಹದ ನೀರನ್ನು ಇಳಿಸುತ್ತದೆ. ಬೀಟಾ ಬ್ಲಾಕರ್ ಗುಂಪಿನ ಮಾತ್ರೆ ನಾಡಿಯ ವೇಗವನ್ನು ಹಿಡಿದಿಡುವುದರಿಂದ ಸೆಕೆ ಕೇಳುವಷ್ಟು ಹೃದಯ ಓಡಲಾರದು. ರಕ್ತದೊತ್ತಡ ಇಳಿಸುವ ಮಾತ್ರೆ ಬೇಸಿಗೆಯಲ್ಲಿ ಅದನ್ನು ಬೇಕಾದ್ದಕ್ಕಿಂತ ಹೆಚ್ಚು ಇಳಿಸಿ ತಲೆಸುತ್ತು ತರಬಹುದು. ಹಾಗೆಂದು ಇವು ಕೆಟ್ಟ ಔಷಧಗಳಲ್ಲ. ಜೀವ ಉಳಿಸುವ ಔಷಧಗಳೇ. ಋತು ಬದಲಾದಾಗ ಅವುಗಳ ಅಳತೆಯನ್ನು ವೈದ್ಯರು ಮತ್ತೆ ನೋಡಬೇಕಾಗುತ್ತದೆ ಅಷ್ಟೆ.

ಸೆಕೆಯಲ್ಲೂ ಎರಡು ಬಗೆಯುಂಟು. ಕಲಬುರಗಿ, ರಾಯಚೂರುಗಳದು ಒಣ ಬಿಸಿಲು. ಬೆವರು ಬೇಗ ಆರುತ್ತದೆ, ನೀರು ಖಾಲಿಯಾಗುತ್ತದೆ. ಮಂಗಳೂರು, ಕಾರವಾರಗಳದು ತೇವದ ಸೆಕೆ. ಬೆವರು ಸುರಿದರೂ ಆರುವುದಿಲ್ಲ, ಮೈ ತಣಿಯುವುದಿಲ್ಲ. ಆದ್ದರಿಂದಲೇ ಹವಾಮಾನ ಇಲಾಖೆ ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿದ ಮೇಲೆ ಮಾತ್ರ ಬಿಸಿಗಾಳಿಯ ಮಾತೆತ್ತಿದರೆ, ಕರಾವಳಿಗೆ ಆ ಮಿತಿಯನ್ನು 37 ಡಿಗ್ರಿಗೇ ಇಟ್ಟಿದೆ. ಎರಡೂ ಕಡೆ ಅದು ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿರಬೇಕು.

ಷಿಕಾಗೊದ ಎಣಿಕೆ ಜಗಳ

1995ರ ಜುಲೈ ತಿಂಗಳಲ್ಲಿ ಅಮೆರಿಕದ ಷಿಕಾಗೊ ನಗರ ಸೆಕೆಯಲ್ಲಿ ಬೆಂದಿತು. ಜುಲೈ 13ರಂದು ಉಷ್ಣಾಂಶ 41 ಡಿಗ್ರಿ ತಲುಪಿತು. ರಾಯಚೂರಿನವರಿಗೆ ಇದು ನಗು ತರಿಸುವ ಅಂಕಿ. ಆದರೆ ಆ ಸೆಕೆಯಲ್ಲಿ ತೇವವೂ ಇತ್ತು, ರಾತ್ರಿಯೂ ತಂಪಾಗಲಿಲ್ಲ. ಚಳಿಗಾಗಿ ಕಟ್ಟಿದ ಇಟ್ಟಿಗೆಯ ಕಟ್ಟಡಗಳು ಒಲೆಗಳಾದವು. ಶವಾಗಾರ ತುಂಬಿ, ಶವಗಳನ್ನಿಡಲು ಶೈತ್ಯೀಕರಿಸಿದ ಲಾರಿಗಳನ್ನು ತರಿಸಬೇಕಾಯಿತು.

ಆಗ ಎದ್ದದ್ದು ಎಣಿಕೆಯ ಜಗಳ. ಶವಪರೀಕ್ಷೆಯ ಮುಖ್ಯಾಧಿಕಾರಿ ಎಡ್ಮಂಡ್ ಡಾನಹ್ಯೂ ನೂರಾರು ಸಾವುಗಳನ್ನು ಸೆಕೆಯ ಲೆಕ್ಕಕ್ಕೆ ಬರೆದರು. ಅವುಗಳಲ್ಲಿ ಅನೇಕರಿಗೆ ಮೊದಲೇ ಹೃದಯದ ಕಾಯಿಲೆ ಇತ್ತು. ಬೇಸಿಗೆಯಲ್ಲಿ ಸತ್ತವರೆಲ್ಲ ಸೆಕೆಯಿಂದಲೇ ಸತ್ತರು ಎನ್ನಲಾಗದು ಎಂದು ಮೇಯರ್ ರಿಚರ್ಡ್ ಡೇಲಿ ಬಹಿರಂಗವಾಗಿಯೇ ಅಂಕಿಗಳನ್ನು ಶಂಕಿಸಿದರು. ಡಾನಹ್ಯೂ ಹಿಂದೆ ಸರಿಯಲಿಲ್ಲ. ಕೊನೆಗೆ ತಜ್ಞರು ಬೇರೆ ದಾರಿ ಹಿಡಿದರು. ಪ್ರತಿ ಸಾವಿನ ಕಾರಣ ಕೆದಕುವುದನ್ನು ಬಿಟ್ಟು, ಆ ವಾರ ನಗರದಲ್ಲಿ ಸಾಮಾನ್ಯವಾಗಿ ಎಷ್ಟು ಜನ ಸಾಯಬೇಕಿತ್ತು, ಎಷ್ಟು ಜನ ಸತ್ತರು ಎಂದು ತಾಳೆ ಹಾಕಿದರು. ಹೆಚ್ಚುವರಿ ಸಾವು 739 ಎಂದು ಗೊತ್ತಾಯಿತು. ಅಧಿಕಾರಿಯ ಎಣಿಕೆ ಉತ್ಪ್ರೇಕ್ಷೆಯಾಗಿರಲಿಲ್ಲ, ಕಡಿಮೆಯೇ ಆಗಿತ್ತು.

ಯಾರು ಸತ್ತರು ಎಂಬುದೂ ಅಷ್ಟೇ ಮುಖ್ಯ. ಮರುವರ್ಷ ಪ್ರಕಟವಾದ ಅಧ್ಯಯನ ಕಂಡುಕೊಂಡಂತೆ ಮೊದಲೇ ಕಾಯಿಲೆ ಇದ್ದವರು, ಹಾಸಿಗೆ ಹಿಡಿದವರು, ಒಂಟಿಯಾಗಿದ್ದವರು, ಕಟ್ಟಡದ ಮೇಲಂತಸ್ತಿನಲ್ಲಿ ವಾಸವಿದ್ದವರು ಹೆಚ್ಚು ಅಪಾಯದಲ್ಲಿದ್ದರು. ಹವಾನಿಯಂತ್ರಕ ಇದ್ದವರು ಬದುಕಿದರು. ಬಂದುಹೋಗುವ ನೆಂಟರು, ಗೆಳೆಯರು ಇದ್ದವರೂ ಬದುಕಿದರು. ಸಮಾಜಶಾಸ್ತ್ರಜ್ಞ ಎರಿಕ್ ಕ್ಲಿನೆನ್‌ಬರ್ಗ್ 2002ರ ತಮ್ಮ ಪುಸ್ತಕದಲ್ಲಿ ಅಕ್ಕಪಕ್ಕದ ಎರಡು ಬಡ ಬಡಾವಣೆಗಳನ್ನು ಹೋಲಿಸಿದರು. ಒಂದರಲ್ಲಿ ಅಂಗಡಿ ಮುಚ್ಚಿ, ಬೀದಿ ಬರಿದಾಗಿ, ವೃದ್ಧರು ಅಂಜಿ ಬಾಗಿಲು ಹಾಕಿಕೊಂಡಿದ್ದರು. ಇನ್ನೊಂದರಲ್ಲಿ ಬೀದಿ ತುಂಬ ಅಂಗಡಿ, ಜನ. ಬಿಸಿಲು ಒಂದೇ, ಬಡತನವೂ ಹೆಚ್ಚುಕಡಿಮೆ ಒಂದೇ. ಸಾವಿನ ಪ್ರಮಾಣ ಮಾತ್ರ ಮೊದಲನೆಯದರಲ್ಲಿ ಹಲವು ಪಟ್ಟು ಹೆಚ್ಚಾಗಿತ್ತು. 1999ರಲ್ಲಿ ಮತ್ತೆ ಅಂಥದೇ ಸೆಕೆ ಬಂದಾಗ ನಗರಾಡಳಿತ ತಂಪುಕೇಂದ್ರಗಳನ್ನು ತೆರೆಯಿತು, ಒಂಟಿ ವೃದ್ಧರ ಯೋಗಕ್ಷೇಮ ವಿಚಾರಿಸಿತು. ಸಾವು ಬಹಳ ಕಡಿಮೆಯಾಯಿತು.

ಅಹಮದಾಬಾದ್ ಕಲಿತ ಪಾಠ

ಭಾರತಕ್ಕೆ ಇದೇ ಪಾಠ ಬಂದದ್ದು 2010ರಲ್ಲಿ. ಆ ವರ್ಷ ಮೇ 21ರಂದು ಅಹಮದಾಬಾದಿನಲ್ಲಿ ಉಷ್ಣಾಂಶ 46.8 ಡಿಗ್ರಿಗೆ ಏರಿತು. ಸಂಶೋಧಕರು ನಂತರ ನಗರದ ಮರಣ ನೋಂದಣಿ ಪುಸ್ತಕಗಳನ್ನು ತೆರೆದು ಷಿಕಾಗೊದ ರೀತಿಯಲ್ಲೇ ಲೆಕ್ಕ ಹಾಕಿದರು. ಹಿಂದಿನ ಮತ್ತು ಮುಂದಿನ ವರ್ಷಗಳ ಮೇ ತಿಂಗಳಿಗೆ ಹೋಲಿಸಿದರೆ ಆ ಒಂದು ತಿಂಗಳಲ್ಲಿ 1,344 ಸಾವುಗಳು ಹೆಚ್ಚಾಗಿದ್ದವು. ಅಂದರೆ ಶೇ 43ರಷ್ಟು ಏರಿಕೆ. ಬಿಸಿಲಿಗೆ ಒಗ್ಗಿದವರು ಎಂದು ಹೆಸರಾದ ಗುಜರಾತಿಗಳ ನಗರದಲ್ಲೇ ಹೀಗಾಗಿತ್ತು.

ಅಹಮದಾಬಾದ್ ಪಾಲಿಕೆ 2013ರಲ್ಲಿ ದಕ್ಷಿಣ ಏಷ್ಯಾದಲ್ಲೇ ಮೊದಲ ಬಿಸಿಗಾಳಿ ಕ್ರಿಯಾಯೋಜನೆ ಜಾರಿಗೆ ತಂದಿತು. ಮುನ್ಸೂಚನೆ ಆಧರಿಸಿ ಬಣ್ಣದ ಎಚ್ಚರಿಕೆ, ಬೀದಿಬದಿ ಕುಡಿಯುವ ನೀರು, ಆಸ್ಪತ್ರೆ ಸಿಬ್ಬಂದಿಗೆ ತರಬೇತಿ, ಬಡವರ ಮನೆಯ ತಗಡಿನ ಮೇಲ್ಛಾವಣಿಗೆ ಬಿಳಿ ಸುಣ್ಣ. ಯಾವುದೂ ದುಬಾರಿ ಕ್ರಮವಲ್ಲ. ಯೋಜನೆ ಬಂದ ಮೇಲೆ ವರ್ಷಕ್ಕೆ ಸರಾಸರಿ ಸಾವಿರಕ್ಕೂ ಹೆಚ್ಚು ಸಾವುಗಳು ತಪ್ಪಿದವು ಎಂದು 2018ರ ಅಧ್ಯಯನವೊಂದು ಅಂದಾಜಿಸಿತು. ಮೊದಲು ಎಣಿಸಿದ್ದರಿಂದಲೇ ಆಮೇಲೆ ತಡೆಯಲು ಸಾಧ್ಯವಾಯಿತು.

ಚಳಿಯೂ ಬಿಡುವುದಿಲ್ಲ

ಬಿಸಿಲಿನ ಮಾತೇ ಇಷ್ಟಾಯಿತೆಂದು ಚಳಿಯನ್ನು ಮರೆಯುವಂತಿಲ್ಲ. ಚಳಿಗೆ ಚರ್ಮದ ರಕ್ತನಾಳಗಳು ಸಂಕುಚಿಸುತ್ತವೆ, ರಕ್ತದೊತ್ತಡ ಏರುತ್ತದೆ. ಕಿರಿದಾದ ಕೊಳವೆಗಳಲ್ಲಿ ರಕ್ತ ನೂಕಲು ಹೃದಯ ಹೆಚ್ಚು ಒತ್ತಬೇಕು. ಚಳಿಯಲ್ಲೂ ರಕ್ತ ಮಂದವಾಗುತ್ತದೆ. 13 ದೇಶಗಳ 7.4 ಕೋಟಿ ಸಾವುಗಳನ್ನು ಪರಿಶೀಲಿಸಿ 2015ರಲ್ಲಿ ಪ್ರಕಟವಾದ ಅಧ್ಯಯನ ಹೇಳಿದ್ದು ಅಚ್ಚರಿಯ ಮಾತು. ಹವೆಯ ಉಷ್ಣಾಂಶದ ಲೆಕ್ಕಕ್ಕೆ ಬರುವ ಸಾವುಗಳು ಒಟ್ಟಿನ ಶೇ 7.7ರಷ್ಟು, ಅವುಗಳಲ್ಲಿ ಬಹುಪಾಲು ಚಳಿಯದು. ಅದೂ ಕೊರೆಯುವ ಚಳಿಯ ದಿನಗಳಿಗಿಂತ, ಯಾರೂ ಲೆಕ್ಕಕ್ಕಿಡದ ಸಾಧಾರಣ ಚಳಿಯ ದಿನಗಳಲ್ಲೇ ಹೆಚ್ಚು.

ಇನ್ನೂ ಅಚ್ಚರಿಯ ಸಂಗತಿಯೊಂದಿದೆ. ಕೀಟಿಂಜ್ ತಂಡ 1997ರಲ್ಲಿ ಯುರೋಪಿನ ಹಲವು ಪ್ರದೇಶಗಳನ್ನು ಹೋಲಿಸಿತು. ಉಷ್ಣಾಂಶ 18 ಡಿಗ್ರಿಯಿಂದ ಕೆಳಗೆ ಇಳಿದ ಪ್ರತಿ ಡಿಗ್ರಿಗೆ ಹಿಮದ ನಾಡಾದ ದಕ್ಷಿಣ ಫಿನ್ಲೆಂಡಿನಲ್ಲಿ ಸಾವು ಶೇ 0.27ರಷ್ಟು ಏರಿದರೆ, ಬೆಚ್ಚನೆಯ ಅಥೆನ್ಸಿನಲ್ಲಿ ಶೇ 2.15ರಷ್ಟು ಏರುತ್ತಿತ್ತು. ಫಿನ್ಲೆಂಡಿನವರು ಮನೆ ಬೆಚ್ಚಗಿಟ್ಟು, ಕೋಟು, ಟೋಪಿ ಹಾಕಿಕೊಂಡೇ ಹೊರಗೆ ಕಾಲಿಡುತ್ತಿದ್ದರು. ಅಥೆನ್ಸಿನವರಿಗೆ ಆ ರೂಢಿ ಅಷ್ಟಿರಲಿಲ್ಲ. ಮರುವರ್ಷ ಸೈಬೀರಿಯದ ಯಾಕುಟ್‌ಸ್ಕ್ ನಗರವನ್ನು ನೋಡಿದಾಗ ಉಷ್ಣಾಂಶ ಸೊನ್ನೆಗಿಂತ 48 ಡಿಗ್ರಿ ಕೆಳಗಿಳಿದರೂ ಹೃದ್ರೋಗದ ಸಾವು ಏರಿರಲಿಲ್ಲ. ಅಲ್ಲಿನವರು ತುಪ್ಪುಳದ ಉಡುಪು ತೊಡುತ್ತಾರೆ, ಮನೆಯನ್ನು ಕಾಯಿಸಿಡುತ್ತಾರೆ, ಚಳಿ ಮಿತಿಮೀರಿದರೆ ಹೊರಗೆ ಹೋಗುವುದನ್ನೇ ಕಡಿಮೆ ಮಾಡುತ್ತಾರೆ.

ಜನರ ರೂಢಿ, ಮನೆಯ ರಚನೆ ಇವೇ ಹವೆಯನ್ನು ಅಪಾಯಕಾರಿಯಾಗಿಸುತ್ತವೆ ಇಲ್ಲವೆ ಸಹ್ಯವಾಗಿಸುತ್ತವೆ ಎಂಬುದು ಇದರ ತಾತ್ಪರ್ಯ. ಬೆಂಗಳೂರಿನವರು ಈ ಮಾತನ್ನು ಸೆಕೆಗೆ ಅನ್ವಯಿಸಿ ಯೋಚಿಸಬೇಕು. ತಂಪು ಹವೆಗೆ ಹೆಸರಾದ ಈ ನಗರದಲ್ಲಿ 2016ರ ಏಪ್ರಿಲಿನಲ್ಲಿ 39.2 ಡಿಗ್ರಿ, 2024ರ ಏಪ್ರಿಲಿನಲ್ಲಿ 38.5 ಡಿಗ್ರಿ ದಾಖಲಾಯಿತು. ಸೆಕೆಯ ಮಟ್ಟಿಗೆ ಬೆಂಗಳೂರು ಅಥೆನ್ಸೇ ಹೊರತು ಯಾಕುಟ್‌ಸ್ಕ್ ಅಲ್ಲ.

ಹೊಗೆಯೆಂಬ ಮೂರನೆಯ ಹೊರೆ

ಚಳಿಗೆ ಹೊಗೆ ಸೇರಿದರೆ ಏನಾಗುತ್ತದೆ ಎಂಬುದನ್ನು ಲಂಡನ್ 1952ರ ಡಿಸೆಂಬರ್ 5ರಿಂದ 9ರವರೆಗೆ ಕಂಡಿತು. ಗಾಳಿ ನಿಂತಿತು. ಮನೆಮನೆಯ ಅಗ್ಗಿಷ್ಟಿಕೆಯ ಕಲ್ಲಿದ್ದಲ ಹೊಗೆ ಮಂಜಿನೊಡನೆ ಬೆರೆತು ನಗರವನ್ನು ಮುಚ್ಚಿತು. ಸುಮಾರು 4,000 ಜನ ಸತ್ತರು ಎಂಬುದು ಆಗಿನ ಸರ್ಕಾರಿ ಅಂದಾಜು. ಶ್ವಾಸಕೋಶದ ಮತ್ತು ಹೃದಯದ ಹಳೆಯ ರೋಗಿಗಳೇ ಅವರಲ್ಲಿ ಹೆಚ್ಚು. ಮುಂದಿನ ವಾರಗಳಲ್ಲೂ ಸಾವು ಏರಿಯೇ ಇತ್ತು. ಅದನ್ನು ಸರ್ಕಾರ ಫ್ಲೂ ಜ್ವರದ ಲೆಕ್ಕಕ್ಕೆ ಬರೆಯಿತು. 2001ರಲ್ಲಿ ಮತ್ತೆ ಲೆಕ್ಕ ಹಾಕಿದವರು ಒಟ್ಟು ಹೆಚ್ಚುವರಿ ಸಾವು ಸುಮಾರು 12,000 ಎಂದರು. ಇಲ್ಲಿಯೂ ಸಾವಿಗೆ ಬೇರೆಯದೇ ಹೆಸರು ಅಂಟಿತ್ತು. ಆದರೂ ಅಂದಿನ ಅರೆಲೆಕ್ಕವೇ 1956ರ ಶುದ್ಧಗಾಳಿ ಕಾಯಿದೆಗೆ ಸಾಕಾಯಿತು.

ಹೊಗೆಯ ಅತಿ ಸೂಕ್ಷ್ಮ ಕಣಗಳು ಶ್ವಾಸಕೋಶದ ಆಳಕ್ಕೆ ಇಳಿದು ಉರಿಯೂತ ಎಬ್ಬಿಸುತ್ತವೆ. ಅದರ ಪರಿಣಾಮ ರಕ್ತದವರೆಗೂ ಮುಟ್ಟಿ ರಕ್ತನಾಳ ಬಿಗಿಯುತ್ತದೆ, ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚುತ್ತದೆ. ಹೊರಗಿನ ವಾಯುಮಾಲಿನ್ಯದಿಂದ 2019ರಲ್ಲಿ ಜಗತ್ತಿನಲ್ಲಿ 42 ಲಕ್ಷ ಅಕಾಲ ಸಾವುಗಳಾದವು, ಅವುಗಳಲ್ಲಿ ಶೇ 68ರಷ್ಟು ಹೃದ್ರೋಗ ಮತ್ತು ಪಾರ್ಶ್ವವಾಯುವಿನವು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೊಗೆ ಎಂದರೆ ಕೆಮ್ಮು, ಉಬ್ಬಸ ಎಂದಷ್ಟೇ ತಿಳಿದವರಿಗೆ ಇದು ಹೊಸ ಸುದ್ದಿ. ಇಂಥ ಕಣಗಳು ಒಂದು ಘನ ಮೀಟರ್ ಗಾಳಿಯಲ್ಲಿ ವಾರ್ಷಿಕ ಸರಾಸರಿ 5 ಮೈಕ್ರೋಗ್ರಾಂ ಮೀರಬಾರದು ಎಂದು ಆ ಸಂಸ್ಥೆ 2021ರಲ್ಲಿ ಹೇಳಿತು. ಭಾರತ 2009ರಲ್ಲಿ ಗೊತ್ತುಪಡಿಸಿದ ಮಿತಿ 40. ರಸ್ತೆಯ ಹೊಗೆಗಿಂತ ಸೌದೆ ಒಲೆಯ ಹೊಗೆ ಕಡಿಮೆಯದೇನಲ್ಲ. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ಮೂವತ್ತು ವರ್ಷ ಊದುಗೊಳವೆ ಹಿಡಿದ ಗೃಹಿಣಿ ಎಂದೂ ಬೀಡಿ ಸೇದದಿದ್ದರೂ ಹೃದಯದ ಮಟ್ಟಿಗೆ ಹೊಗೆ ಕುಡಿದವಳೇ.

ಹಿರಿಯರ ತಿಳಿವಳಿಕೆ, ಅದರ ಮಿತಿ

ಹವೆಗೂ ಆರೋಗ್ಯಕ್ಕೂ ನಂಟಿದೆ ಎಂಬುದು ನಮ್ಮವರಿಗೆ ಹೊಸದಾಗಿ ಹೇಳಬೇಕಾದ ಮಾತಲ್ಲ. ಚರಕ ಸಂಹಿತೆ ಆರು ಋತುಗಳಿಗೂ ಬೇರೆ ಬೇರೆ ಋತುಚರ್ಯೆ ಹೇಳುತ್ತದೆ. ಗ್ರೀಷ್ಮದಲ್ಲಿ ಉಪ್ಪು, ಹುಳಿ, ಖಾರ ಬಿಡಬೇಕು, ದೇಹ ದಂಡಿಸಬಾರದು ಎಂಬುದು ಅದರ ವಿಧಿ. ದಾರಿಹೋಕರಿಗೆ ನೀರು ಕೊಡುವ ಅರವಟ್ಟಿಗೆಯನ್ನು ಪುಣ್ಯದ ಕೆಲಸವೆಂದು ಕನ್ನಡದ ಶಾಸನಗಳು ಎಣಿಸಿವೆ. ಬಯಲುಸೀಮೆಯ ಮಣ್ಣಿನ ಮಾಳಿಗೆ ಮನೆಗಳ ದಪ್ಪ ಗೋಡೆ ಹಗಲ ಬಿಸಿಲನ್ನು ಸುಲಭಕ್ಕೆ ಒಳಗೆ ಬಿಡುವುದಿಲ್ಲ. ಕಲಬುರಗಿ ಸೀಮೆಯ ಜಿಲ್ಲೆಗಳಲ್ಲಿ, ವಿಜಯಪುರ, ಬಾಗಲಕೋಟೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಸುವ ಪರಿಪಾಠವೂ ಇದೇ ತಿಳಿವಳಿಕೆಯ ಮುಂದುವರಿಕೆ.

ಆದರೆ ಈ ರಕ್ಷಣೆ ಎಲ್ಲರಿಗೂ ಒದಗುವುದಿಲ್ಲ. ಕಚೇರಿಯ ನೌಕರನಿಗೆ ಬಿಡುವು ಸಿಕ್ಕರೂ ಕಲ್ಲು ಒಡೆಯುವವನಿಗೆ, ತಳ್ಳುಗಾಡಿಯವನಿಗೆ ಸಿಗದು. ಮಾಳಿಗೆಯ ಜಾಗಕ್ಕೆ ತಗಡು, ಕಾಂಕ್ರೀಟು ಬಂದಿವೆ. ಕಾದ ಕಾಂಕ್ರೀಟು ರಾತ್ರಿಯೆಲ್ಲ ಶಾಖ ಬಿಡುತ್ತದೆ. ದಣಿದ ಹೃದಯ ಚೇತರಿಸಿಕೊಳ್ಳಬೇಕಾದ ಹೊತ್ತೇ ಅದಕ್ಕೆ ತಪ್ಪಿಹೋಗುತ್ತದೆ.

ಹಳೆಯ ಉಪಚಾರಗಳಲ್ಲೂ ಎಚ್ಚರ ಬೇಕು. ಬಿಸಿಲಲ್ಲಿ ದುಡಿದು ಬಂದ ಆರೋಗ್ಯವಂತನಿಗೆ ಉಪ್ಪು ಹಾಕಿದ ಮಜ್ಜಿಗೆಗಿಂತ ಒಳ್ಳೆಯದು ಇನ್ನಾವುದು? ಆದರೆ ಹೃದಯ ಸೋತು ಕಾಲು ಊದಿಕೊಳ್ಳುವ ರೋಗಿಗೆ ಅದೇ ಉಪ್ಪು ದೇಹದಲ್ಲಿ ನೀರು ಕಟ್ಟಿಸಿ ಉಸಿರು ಸಿಕ್ಕಿಸಬಹುದು. 'ಬೇಸಿಗೆ, ಹೆಚ್ಚು ನೀರು ಕುಡಿಯಿರಿ' ಎಂಬ ಎಲ್ಲರಿಗೂ ಹೇಳುವ ಮಾತು, ನೀರಿನ ಅಳತೆ ಗೊತ್ತುಪಡಿಸಿಕೊಂಡ ರೋಗಿಗೆ ಹಾಗೇ ಹೊಂದುವುದಿಲ್ಲ. ಕಡಿಮೆ ಕುಡಿದರೆ ಒಣಗುವ, ಹೆಚ್ಚು ಕುಡಿದರೆ ಮುಳುಗುವ ಇಕ್ಕಟ್ಟು ಆತನದು.

ಆದ್ದರಿಂದ ಬೇಸಿಗೆ ಹೊಸ್ತಿಲಿಗೆ ಬಂದಾಗಲೇ, ಚಳಿ ಕಾಲಿಡುವಾಗಲೇ ಹೃದ್ರೋಗಿ ವೈದ್ಯರನ್ನು ಕಂಡು ಮಾತ್ರೆ, ನೀರು, ಉಪ್ಪು ಮೂರರ ಅಳತೆಯನ್ನೂ ಕೇಳಿಕೊಳ್ಳುವುದು ಜಾಣತನ. ತಾನಾಗಿ ಯಾವ ಮಾತ್ರೆಯನ್ನೂ ನಿಲ್ಲಿಸಬಾರದು. ದಿನವೂ ಬೆಳಿಗ್ಗೆ ತೂಕ ನೋಡಿಕೊಂಡರೆ ದೇಹದಲ್ಲಿ ನೀರು ಏರಿತೋ ಇಳಿಯಿತೋ ತಿಳಿಯುತ್ತದೆ. ವರ್ಷದ ಮೊದಲ ಸೆಕೆಯ ದಿನಗಳಲ್ಲಿ ಹೆಚ್ಚಿನ ಎಚ್ಚರ ಬೇಕು. ಬಿಸಿಲಿಗೆ ಹೊಂದಿಕೊಳ್ಳಲು ದೇಹ ಒಂದೆರಡು ವಾರ ತೆಗೆದುಕೊಳ್ಳುತ್ತದೆ. ನಡಿಗೆ ಬೇಸಿಗೆಯಲ್ಲಿ ಬಿಸಿಲೇರುವ ಮುಂಚೆ, ಚಳಿಗಾಲದಲ್ಲಿ ಮಂಜು ಸರಿದ ಮೇಲೆ ಇರಲಿ. ಎದೆನೋವು, ಉಸಿರಾಟದ ಕಷ್ಟ, ಮಾತಿನ ತೊದಲು, ಗೊಂದಲ ಕಂಡರೆ ಕಾಯುತ್ತ ಕೂರದೆ ಆಸ್ಪತ್ರೆಗೆ ಹೋಗಬೇಕು. ಇನ್ನು ನೆರೆಯವರ ಪಾಲಿನ ಕೆಲಸ, ಪಕ್ಕದ ಮನೆಯ ಒಂಟಿ ಹಿರಿಯರ ಬಾಗಿಲನ್ನು ದಿನಕ್ಕೆ ಎರಡು ಸಲ ತಟ್ಟುವುದು. ಅದಕ್ಕೆ ಖರ್ಚಿಲ್ಲ.

ಉಳಿದದ್ದು ಸರ್ಕಾರದ ಕೆಲಸ, ಮತ್ತು ಅದು ಎಣಿಕೆಯಿಂದ ಶುರುವಾಗಬೇಕು. ದೇಶದಲ್ಲಿ 2020ರಲ್ಲಿ ನೋಂದಣಿಯಾದ ಸಾವುಗಳಲ್ಲಿ ಕಾರಣವನ್ನು ವೈದ್ಯರು ದೃಢೀಕರಿಸಿದ್ದು ಸುಮಾರು ಶೇ 22ರಷ್ಟಕ್ಕೆ ಮಾತ್ರ. ವೈದ್ಯರು ತುಂಬುವ ಆ ನಮೂನೆಯಲ್ಲಿ ಎರಡು ಭಾಗಗಳಿವೆ. ಮೊದಲನೆಯದು ಸಾವಿನ ನೇರ ಕಾರಣ ಮತ್ತು ಅದರ ಹಿಂದಿನ ಕಾರಣಗಳಿಗೆ. ಎರಡನೆಯದು ಸಾವಿಗೆ ನೆರವಾದ ಇತರ ಸ್ಥಿತಿಗಳಿಗೆ. ಹೃದ್ರೋಗವನ್ನೂ ಬಿಸಿಲನ್ನೂ ಒಂದೇ ಹಾಳೆಯಲ್ಲಿ ಬರೆಯಲು ಅಲ್ಲಿ ಜಾಗವಿದೆ. ರೋಗಿಯನ್ನು ಎಂಥ ಮನೆಯಿಂದ, ಎಂಥ ಬಿಸಿಲಿನಿಂದ ತಂದರು ಎಂದು ಕೇಳಿ ಆ ಸಾಲು ತುಂಬಿದರೆ, ಯಾವ ಊರಿನ ಯಾವ ಓಣಿಗೆ ಮೊದಲು ನೀರು, ನೆರಳು, ಸುಣ್ಣ ಮುಟ್ಟಬೇಕು ಎಂಬುದು ಮುಂದಿನ ಬೇಸಿಗೆಗೆ ಮುಂಚೆಯೇ ಗೊತ್ತಾಗುತ್ತದೆ.